ಎದೆಯ ಮೇಲಿನ ಹೆಸರು

ಇಳಕಲ್
೮ ಜನವರಿ ೨೦೨೪

ಮಗಳು ತಸ್ಲೀಮಾಗೆ,

ಅಮ್ಮನ ದುವಾ. ಈ ವಾರ ನಾಲ್ಕೈದು ಸಲ ಫೋನ್ ಮಾಡಿದೆ. ನೀನು "ಡ್ಯೂಟಿ ಮ್ಯಾಲ ಅದೇನಿ ಅಮ್ಮಾ" ಅಂದೆ, ನಾನು "ಊಟ ಆತೇನು" ಎಂದು ಕೇಳಿ ಇಟ್ಟುಬಿಟ್ಟೆ. ಹೇಳಬೇಕಾದ ಮಾತು ಬಾಯಿಂದ ಹೊರಡಲಿಲ್ಲ. ಅದಕ್ಕೇ ಈ ಕಾಗದ. ಮನೆಯಲ್ಲಿ ನಾವಾಡುವುದು ಉರ್ದು, ನನಗೆ ಬರೆಯಲು ಬರುವುದು ಏಳನೇ ಇಯತ್ತೆಯ ಕನ್ನಡ. ತಪ್ಪಿದ್ದರೆ ನಗಬೇಡ.

ನಮ್ಮ ದವಾಖಾನೆಯ ಬಾಗಿಲಲ್ಲಿ ಜಯಶ್ರೀ ಸಿಸ್ಟರಳ ಸರ್ಟಿಫಿಕೇಟು ಕಟ್ಟುಹಾಕಿಸಿ ತೂಗುಬಿಟ್ಟಿದ್ದರಲ್ಲ, ಅದು ಹೋಯಿತು. ಜಯಶ್ರೀ ಲಗ್ನವಾಗಿ ಊರು ಬಿಟ್ಟು ಎಷ್ಟೋ ವರ್ಷವಾದವು, ಸರ್ಟಿಫಿಕೇಟು ಮಾತ್ರ ಇಲ್ಲೇ ನೌಕರಿ ಮಾಡುತ್ತಿತ್ತು. ಈಗ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಮೊನ್ನೆ ಗಂಡನ ಜೋಡಿ ಬಂದು, ಕುರ್ಚಿ ಹತ್ತಿ, ತಾನೇ ಇಳಿಸಿಕೊಂಡು ಹೋದಳು. ಗೋಡೆಯ ಮೇಲೆ ಒಂದು ಬಿಳಿ ಚೌಕ, ಒಂದು ಮೊಳೆ ಉಳಿದಿವೆ.

ಮುಂದಿನ ತಿಂಗಳು ತಪಾಸಣೆಯವರು ಬರುತ್ತಾರೆ. ಕೌನ್ಸಿಲ್ಲಿನಲ್ಲಿ ಹೆಸರು ಹಚ್ಚಿದ ನರ್ಸು ಇಲ್ಲದಿದ್ದರೆ ದವಾಖಾನೆಗೆ ಪರವಾನಗಿ ಇಲ್ಲ. ಡಾಕ್ಟರು ನನ್ನನ್ನು ಒಳಗೆ ಕರೆದರು. "ಏ ಜೋಹರಾ, ನಿನ್ನ ಮಗಳು ಎಎನ್‌ಎಂ ಪಾಸಾಗ್ಯಾಳ, ಹೆಸರೂ ಹಚ್ಚ್ಯಾಳ. ಆ ಹಾಳಿ ಬಾದಾಮ್ಯಾಗ ಪೆಟಿಗ್ಯಾಗ ಬಿದ್ದು ಏನ್ ಮಾಡ್ತೈತಿ? ತಂದು ಇಲ್ಲಿ ಹಾಕು. ಕೆಲಸ ನೀ ಮಾಡ್ತಿ, ಹೆಸರು ಆಕಿದು. ಮನಿ ಒಳಗಿಂದ ಮನಿ ಒಳಗ" ಅಂದರು.

ನಾನು ಅಲ್ಲಿಗೆ ಕಸ ಗುಡಿಸಲು ಸೇರಿದವಳು, ನಿನಗೆ ಗೊತ್ತು. ಒಂದು ದಿನ ಸಿಸ್ಟರ್ ಬಾರದಾಗ ಡಾಕ್ಟರೇ ಒಂದು ಮೋಸಂಬಿ ಕೊಟ್ಟು ಸೂಜಿ ಚುಚ್ಚುವುದನ್ನು ಕಲಿಸಿದರು. ಅಂದಿನಿಂದ ಕೈ ನಿಂತಿಲ್ಲ. ಈಗ ನೀನು ಹಾಳೆ ಕೊಡದಿದ್ದರೆ ನಾನು ವಾಪಸ್ ಕಸಬರಿಗೆಗೆ ಹೋಗಬೇಕು. ಕಸಬರಿಗೆ ಹಿಡಿಯಲು ನನಗೆ ನಾಚಿಕೆಯಿಲ್ಲ. ಸೂಜಿ ಹಿಡಿದ ಕೈಯಿಂದ ಅದನ್ನು ಕಿತ್ತು ಕಸಬರಿಗೆ ಕೊಡುತ್ತಾರಲ್ಲ, ಅದಕ್ಕೆ ನಾಚಿಕೆ.

ನಿನ್ನ ಅಮ್ಮಾ
ಜೋಹರಾ


ಬಾದಾಮಿ
೧೫ ಜನವರಿ ೨೦೨೪

ಅಮ್ಮಾ,

ಆಗುವುದಿಲ್ಲ.

ಅದು ಹಾಳೆಯಲ್ಲ. ಗೋಡೆಯ ಮೇಲೆ ನನ್ನ ಹೆಸರು ತೂಗಿದ ಕ್ಷಣದಿಂದ ಆ ವಾರ್ಡಿನಲ್ಲಿ ಯಾರ ಮೈಗೆ ಯಾವ ಸೂಜಿ ಚುಚ್ಚಿದರೂ ಚುಚ್ಚಿದವಳು ನಾನೇ. ನಾನು ಬಾದಾಮಿ ತಾಲೂಕಿನ ಉಪಕೇಂದ್ರದಲ್ಲಿ ಬಸುರಿಯರ ರಕ್ತದೊತ್ತಡ ನೋಡುತ್ತಿರುತ್ತೇನೆ, ಅದೇ ಹೊತ್ತಿಗೆ ಇಳಕಲ್ಲಿನಲ್ಲಿ ಒಬ್ಬರ ಜೀವಕ್ಕೆ ಉತ್ತರ ಕೊಡಬೇಕಾಗುತ್ತದೆ. ಇದು ನಿನಗೆ ಸರಿ ಕಾಣುತ್ತದೆಯೇ?

ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಡಾಕ್ಟರು ಬರೆದುಕೊಟ್ಟ ಹೊರತು ಔಷಧಿ ಮುಟ್ಟಬಾರದು. ಬಾಟಲಿಯ ಚೀಟಿ ಓದಬೇಕು, ತುಂಬುವಾಗ ಮತ್ತೆ ಓದಬೇಕು. ರೋಗಿಯ ಹೆಸರನ್ನು ರೋಗಿಯ ಬಾಯಿಂದಲೇ ಕೇಳಬೇಕು. ರೋಗಿ "ಯಾಕೆ" ಅಂದರೆ ಕೈ ನಿಲ್ಲಿಸಬೇಕು. ತಪ್ಪಾದರೆ ಮುಚ್ಚಿಡಬಾರದು. ಇಷ್ಟಕ್ಕೆ ಒಪ್ಪಿದವಳ ಹೆಸರು ಮಾತ್ರ ಕೌನ್ಸಿಲ್ಲಿನ ಪಟ್ಟಿಯಲ್ಲಿರುತ್ತದೆ. ಒಪ್ಪಿದ್ದಕ್ಕೆ ತಪ್ಪಿದರೆ ಅಳಿಸಿಹಾಕುತ್ತಾರೆ.

ನಿಮ್ಮ ಡಾಕ್ಟರಿಗೆ ನರ್ಸು ಬೇಕಾಗಿಲ್ಲ ಅಮ್ಮಾ, ನರ್ಸಿನ ಹೆಸರು ಬೇಕಾಗಿದೆ. ಹೆಸರು ಪಗಾರ ಕೇಳುವುದಿಲ್ಲ. ಹೆಸರು ರಜೆ ಕೇಳುವುದಿಲ್ಲ. "ಈ ಔಷಧಿ ತಪ್ಪು ಸಾಹೇಬ್ರ" ಎಂದು ಹೆಸರು ಎದುರಾಡುವುದಿಲ್ಲ. ಗೋಡೆಗೆ ಆತುಕೊಂಡು ಸುಮ್ಮನಿರುತ್ತದೆ. ಅದರ ಕೆಳಗೆ ನಿನ್ನಂಥ ಬಡವಿಯನ್ನು ದುಡಿಸಿಕೊಳ್ಳುತ್ತಾರೆ. ಸತ್ತರೆ ಬಡವರು ಸಾಯುತ್ತಾರೆ, ಸಿಕ್ಕಿಬಿದ್ದರೆ ಬಡವರು ಸಿಕ್ಕಿಬೀಳುತ್ತಾರೆ. ಡಾಕ್ಟರ ಬೋರ್ಡು ಮಾತ್ರ ಬೆಳಗುತ್ತಲೇ ಇರುತ್ತದೆ.

ಇನ್ನೊಂದು ಮಾತು. ನೀನು ಸೂಜಿ ಹಿಡಿಯುವುದೇ ತಪ್ಪು. ನೀನು ಆಯಾ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಬರೆಯದೆ ಇದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತಿತ್ತು.

ತಸ್ಲೀಮಾ


ಇಳಕಲ್
೨ ಫೆಬ್ರವರಿ ೨೦೨೪

ತಸ್ಲೀಮಾ,

ನಿನ್ನ ಕಾಗದ ಮುಟ್ಟಿತು. ನಿಮ್ಮ ಅಬ್ಬಾ "ಏನ್ ಬರದಾಳ?" ಎಂದು ಹೊಲಿಗೆಯ ಮಷಿನ್ ನಿಲ್ಲಿಸಿ ಕೇಳಿದರು. "ಆರಾಮ ಅದಾಳಂತ" ಅಂದೆ.

ನಾನು ಆಯಾ. ಖರೆ. ಅದನ್ನು ಕಲಿಸಲು ನಿನಗೆ ಕಾಲೇಜು ಬೇಕಾಗಿರಲಿಲ್ಲ.

ಬಾಗಲಕೋಟೆಯಲ್ಲಿ ನೀವೆಲ್ಲ ಬಿಳಿ ಬಟ್ಟೆ ತೊಟ್ಟು ಕೈಯಲ್ಲಿ ದೀಪ ಹಿಡಿದು ಪ್ರಮಾಣ ಮಾಡಿದ ದಿನ ನಾನೂ ಬಂದಿದ್ದೆ, ನೆನಪಿದೆಯೇ? ನಿನ್ನ ಗೆಳತಿ ಅಬೇದಾ ತನ್ನ ತಾಯಿಯನ್ನು ಕರೆತಂದು ಮಾತಾಡಿಸಿದಳು. ನೀನು ನನ್ನ ಕಡೆ ನೋಡದೆ ಅಂದೆ: "ನಮ್ಮಮ್ಮಾ ಇಳಕಲ್ಲಾಗ ಸ್ಟಾಫ್ ನರ್ಸ್ ಅದಾರ." ಆ ಹೆಣ್ಣುಮಗಳು ಎಷ್ಟು ಮರ್ಯಾದೆಯಿಂದ ಕೇಳಿದಳು: "ಹೌದ್ರಿ ಸಿಸ್ಟರ್? ನಿಮ್ಮ ದವಾಖಾನಿ ದೊಡ್ಡದೈತೇನ್ರಿ?" ನಾನು ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡು "ತಕ್ಕಮಟ್ಟಿಗಿ ಐತ್ರಿ" ಅಂದೆ. ಫಿನಾಯಿಲಿನ ಕೈ, ವಾಸನೆ ಬಂದೀತೆಂದು ಮುಚ್ಚಿಕೊಂಡೆ. ಬಸ್ಸಿನಲ್ಲಿ ಕೂತು ಇಳಕಲ್ ಬರುವವರೆಗೂ ಆ ಕೈ ಹೊರಗೆ ತೆಗೆಯಲಿಲ್ಲ.

ಅಂದು ನೀನು ಹೇಳಿದ ಸುಳ್ಳಿಗೆ ನಾನು ತಲೆಯಾಡಿಸಿದೆ. ಇಂದು ಅದೇ ಸುಳ್ಳನ್ನು ನಾನು ಕೇಳುತ್ತಿದ್ದೇನೆ. ಅಂದು ನಿನಗೆ ಬೇಕಾಗಿತ್ತು, ಇಂದು ನನಗೆ ಬೇಕಾಗಿದೆ. ಇಷ್ಟೇ ಫರಕು.

ನಾಳೆಯಿಂದ ಕಸಬರಿಗೆ ಎಂದು ಡಾಕ್ಟರು ಹೇಳಿದ್ದಾರೆ.

ಜೋಹರಾ


ಬಾದಾಮಿ
೨೦ ಫೆಬ್ರವರಿ ೨೦೨೪

ಅಮ್ಮಾ,

ಮೊನ್ನೆ ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕೈಗೆ ಕೊಟ್ಟ ಮೇಲೆ ನಾನು ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದೆ. ನೀನು ಪೇಪರಿನಲ್ಲಿ ಸುತ್ತಿದ ಆ ಕಟ್ಟನ್ನು ಚೀಲದ ತಳಕ್ಕೆ ಇಟ್ಟು ಅದರ ಮೇಲೆ ಗಿರಮಿಟ್ಟಿನ ಪೊಟ್ಟಣ ಇಡುತ್ತಿದ್ದೆ. ಕದ್ದ ಮಾಲು ಮುಚ್ಚುವವರ ಹಾಗೆ. ನಾವಿಬ್ಬರೂ ಅಷ್ಟೊತ್ತು ಕೂತು ಚಹಾ ಕುಡಿದೆವು. ಅಬ್ಬಾನ ಮೊಣಕಾಲು, ನನ್ನ ಬಾಡಿಗೆ ಕೋಣೆಯ ನೀರು, ಎಲ್ಲಾ ಮಾತಾಡಿದೆವು. ಆ ಕಟ್ಟಿನ ಬಗ್ಗೆ ಮಾತ್ರ ಆಡಲಿಲ್ಲ.

ತಪಾಸಣೆ ಮುಗಿದ ಮೇಲೆ ವಾಪಸ್ ಕೊಡು. ನೀನಾಗಿ ಸೂಜಿ ಮುಟ್ಟಬೇಡ. ಎರಡನೆಯ ಮಾತನ್ನು ನೀನು ಕೇಳುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ತಸ್ಲೀಮಾ


ಇಳಕಲ್
೧೬ ಏಪ್ರಿಲ್ ೨೦೨೪

ನನ್ನ ಮಗಳೇ,

ಈದಿಗೆ ನೀನು ಬರಲಿಲ್ಲ. ಶೀರ್‌ಕುರ್ಮಾ ಓಣಿಯವರೆಲ್ಲ ಕುಡಿದರು. ನಿನ್ನ ಪಾಲಿನದನ್ನು ಅಬ್ಬಾ ಕುಡಿದು "ಮಗಳು ಬರದಿದ್ರ ಇದೊಂದು ಫಾಯದೆ" ಎಂದು ನಕ್ಕರು.

ತಪಾಸಣೆಯವರು ಬಂದರು, ಗೋಡೆ ನೋಡಿದರು. ಡಾಕ್ಟರು ಮೊದಲೇ ನನಗೊಂದು ಬ್ಯಾಡ್ಜು ಮಾಡಿಸಿದ್ದರು. ನೀಲಿ ಪಟ್ಟಿ, ಬಿಳಿ ಅಕ್ಷರ: ತಸ್ಲೀಮಾ. ಅಬ್ಬಾ ಬಿಳಿ ಕೋಟು ಹೊಲಿದು ಕೊಟ್ಟರು. ತೊಟ್ಟು ನಿಂತಾಗ "ಏನವಾ ಮಗಳ, ಬಾದಾಮಿಯಿಂದ ಯಾವಾಗ ಬಂದಿ?" ಎಂದು ಕಾಡಿದರು. ತಪಾಸಣೆ ಮುಗಿದ ಮೇಲೂ ಡಾಕ್ಟರು ತೆಗೆಯಗೊಡಲಿಲ್ಲ. ಹಾಳೆಯನ್ನೂ ಇಳಿಸಲಿಲ್ಲ. ನಾನೂ ಜೋರು ಮಾಡಿ ಕೇಳಲಿಲ್ಲ.

ಈಗ ಎಲ್ಲರೂ ನನ್ನನ್ನು ತಸ್ಲೀಮಾ ಸಿಸ್ಟರ್ ಅನ್ನುತ್ತಾರೆ. ನೀನು ಹುಟ್ಟಿದಾಗ ಆ ಹೆಸರು ಇಟ್ಟವಳು ನಾನು. ಅದನ್ನು ನಾನೇ ಎದೆಯ ಮೇಲೆ ಹಚ್ಚಿಕೊಂಡು ತಿರುಗುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಒಮ್ಮೊಮ್ಮೆ ಯಾರೋ ಕರೆದರೆ ನೀನೇ ಬಂದಿರುವೆ ಎಂದು ಬಾಗಿಲ ಕಡೆ ನೋಡುತ್ತೇನೆ.

ಕೆಲಸ ಸುಲಭವಿದೆ, ಚಿಂತೆ ಮಾಡಬೇಡ. ಡಾಕ್ಟರು ನೋಡಿ ಹೋದ ಮೇಲೆ ಎಲ್ಲರ ಇಂಜೆಕ್ಷನ್ನನ್ನೂ ಒಮ್ಮೆಲೇ ತುಂಬಿ ಟ್ರೇಯಲ್ಲಿ ಕಾಟಿನ ಸಾಲಿನ ಪ್ರಕಾರ ಇಟ್ಟುಕೊಳ್ಳುತ್ತೇನೆ. ಬಾಗಿಲ ಕಡೆಯ ಕಾಟಿನದು ಎಡಕ್ಕೆ, ಕಿಟಕಿ ಕಡೆಯದು ಬಲಕ್ಕೆ. ಚೀಟಿ ಹಚ್ಚುವ ತಾಪತ್ರಯವಿಲ್ಲ, ಹೆಸರು ಕೂಗುವ ತಾಪತ್ರಯವಿಲ್ಲ. ಪಂಕ್ತಿಯಲ್ಲಿ ರೊಟ್ಟಿ ನೀಡಿದ ಹಾಗೆ ಒಂದೇ ಸುತ್ತಿಗೆ ಮುಗಿಯುತ್ತದೆ. ಜಯಶ್ರೀಗೂ ಡಾಕ್ಟರು ಇದನ್ನೇ ಕಲಿಸಿದ್ದರು.

ಬಿಸಿಲು ಭಾಳ. ವಾರ್ಡಿನಲ್ಲಿ ಕಿಟಕಿ ಕಡೆಯ ಫ್ಯಾನ್ ಒಂದೇ ತಿರುಗುತ್ತದೆ.

ನಿನ್ನ ಅಮ್ಮಾ


ಬಾದಾಮಿ
೨೮ ಏಪ್ರಿಲ್ ೨೦೨೪

ಅಮ್ಮಾ,

ಈದಿಗೆ ಬರಲಾಗಲಿಲ್ಲ, ಮಾಫ್ ಮಾಡು. ಇಲ್ಲಿ ಕಲ್ಲುಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ. ಬಸುರಿಯರು ಮನೆಯಿಂದ ಹೊರಬರಲು ಒಲ್ಲೆನ್ನುತ್ತಾರೆ, ನಾನೇ ಮನೆಮನೆಗೆ ಹೋಗುತ್ತೇನೆ. ಒಬ್ಬಳು ಮುದುಕಿ ದಿನಾ ಕೇಳುತ್ತಾಳೆ: "ನರ್ಸವ್ವಾ, ಇಷ್ಟ ತಿರಗತಿ, ನಿನ್ನ ನೋಡ್ಕೊಳ್ಳಾಕ ಯಾರದಾರ?" ನಕ್ಕು ಮುಂದೆ ಹೋಗುತ್ತೇನೆ.

ನಿನ್ನ ಪತ್ರವನ್ನು ಎರಡೆರಡು ಸಲ ಓದಿದೆ.

ಬೇರೆ ಏನೂ ವಿಶೇಷವಿಲ್ಲ. ನೀರು ಹೆಚ್ಚು ಕುಡಿ.

ತಸ್ಲೀಮಾ


ಇಳಕಲ್
೨೧ ಮೇ ೨೦೨೪

ತಸ್ಲೀಮಾ,

ಓದುವ ಮೊದಲು ಎಲ್ಲಾದರೂ ಕೂತುಕೋ.

ಹನಮವ್ವ ಎಂಬ ನೇಕಾರರ ಹೆಣ್ಣುಮಗಳು ಜ್ವರವೆಂದು ವಾರ್ಡಿನಲ್ಲಿದ್ದಳು. ನಿನಗಿಂತ ತುಸು ದೊಡ್ಡವಳು. ಗಂಡ ಅರ್ಜು, ಇಬ್ಬರೂ ಸೀರೆ ನೇಯುವವರು. ಕಿಟಕಿ ಕಡೆಯ ಕಾಟಿನಲ್ಲಿ ರಮಾಬಾಯಿ ಎಂಬ ಮುದುಕಿ, ಸಕ್ಕರೆ ಕಾಯಿಲೆ. ಶುಕ್ರವಾರ ಮಧ್ಯಾಹ್ನ ಹನಮವ್ವ ಸೆಕೆಗೆ ಒದ್ದಾಡುವುದನ್ನು ನೋಡಿ ರಮಾಬಾಯಿ ಅಂದರಂತೆ: "ನೀ ಇಲ್ಲಿ ಬಾರ ಮಗಳ, ಫ್ಯಾನಿನ ಕೆಳಗ. ನನಗ ಗಾಳಿ ಆಗಿ ಬರೂದಿಲ್ಲ, ಮೊಣಕಾಲು ಹಿಡೀತಾವ." ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು. ಅವಳು ಚಾದರ ಹೊದ್ದು ಮಲಗಿದಳು, ರಮಾಬಾಯಿ ವರಾಂಡಕ್ಕೆ ಹೋಗಿ ಕೂತರು.

ನಾನು ಟ್ರೇ ತೆಗೆದುಕೊಂಡು ಬಂದೆ. ಬಲಗಡೆಯ ಸಿರಿಂಜು ಕಿಟಕಿ ಕಡೆಯ ಕಾಟಿಗೆ. ಇನ್ಸುಲಿನ್. ನಾನು ಮುಖ ನೋಡಲಿಲ್ಲ. ಕಾಟು ನೋಡಿದೆ.

ತೋಳು ಹಿಡಿದಾಗ ಅವಳು ಚಾದರದೊಳಗಿಂದಲೇ ಕೇಳಿದಳು: "ದಿನಾ ಸೊಂಟಕ್ಕ ಮಾಡ್ತಿದ್ರೆಲ್ಲ ಸಿಸ್ಟರ್, ಇವತ್ತ್ಯಾಕ ರಟ್ಟಿಗಿ?" ನಾನು ಏನಂದೆ ಗೊತ್ತೇ? "ಡಾಕ್ಟರು ಬದಲಿ ಮಾಡ್ಯಾರ, ಸುಮ್ನ ಮಲಕ್ಕೋ." ಯಾರು ಏನೇ ಕೇಳಿದರೂ ಅದನ್ನೇ ಹೇಳಿ ಹೇಳಿ ರೂಢಿ. ಅವಳ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅವಳು ಊಟ ಮಾಡಿರಲಿಲ್ಲ. ಅರ್ಜು ಬುತ್ತಿ ತಂದಾಗ ಒಳಗೆ ತಿರುಗಿಯೂ ನೋಡದೆ "ನಿದ್ದಿ ಹತ್ತೈತಿ, ಎಬ್ಬಸಬ್ಯಾಡ" ಎಂದು ನಾನೇ ತಡೆದೆ. ಸಂಜೆಯ ಹೊತ್ತಿಗೆ ರಮಾಬಾಯಿ ನನ್ನ ಕೋಟು ಹಿಡಿದು ಎಳೆದರು. "ತಸ್ಲೀಮಾ ಸಿಸ್ಟರ್, ಇವತ್ತ ನನ್ನ ಶುಗರಿನ ಸೂಜಿ ಮರತ್ರೇನ?" ಆಗ ತಿಳಿಯಿತು. ಓಡಿದೆ. ಚಾದರ ಸರಿಸಿದರೆ ಮೈಯೆಲ್ಲ ಬೆವರಿ ತೊಯ್ದಿತ್ತು, ಕೈಕಾಲು ಸೆಟೆದು ಜಗ್ಗುತ್ತಿದ್ದವು. ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಗ್ಲೂಕೋಸ್ ಹಚ್ಚಿ ಗಾಡಿಯಲ್ಲಿ ಬಾಗಲಕೋಟೆಗೆ ಸಾಗಿಸಿದರು. ಅರ್ಜುಗೆ "ಜ್ವರ ನೆತ್ತಿಗೆ ಏರೈತಿ" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಜೀವ ಇದೆಯಂತೆ. ಎಚ್ಚರ ಪೂರಾ ಇಲ್ಲ.

ರಮಾಬಾಯಿ ಅರ್ಜುಗೆ ಎಲ್ಲಾ ಹೇಳಿದ್ದಾರೆ. ಅವನು ಫಿರ್ಯಾದಿ ಕೊಟ್ಟಿದ್ದಾನೆ. ತಸ್ಲೀಮಾ ಸಿಸ್ಟರ್ ಮೇಲೆ.

ಜೋಹರಾ


ಬಾದಾಮಿ
೨೭ ಮೇ ೨೦೨೪

ಅಮ್ಮಾ,

ನೋಟಿಸು ಬಂದಿದೆ. ನನ್ನ ಹೆಸರಿಗೆ. ನಾನು ಆ ಹೆಣ್ಣುಮಗಳ ಮುಖವನ್ನೇ ನೋಡಿಲ್ಲ. ನೀನೂ ನೋಡಲಿಲ್ಲವಂತೆ. ನಾವಿಬ್ಬರೂ ಮುಖ ನೋಡದವರು.

ನಾನು ಬೇಡ ಅಂದಿದ್ದೆ. ಏನಾಗುತ್ತದೆಂದು ಜನವರಿಯಲ್ಲೇ ಅಕ್ಷರಶಃ ಬರೆದಿದ್ದೆ. ಹೆಸರು ಕೇಳಬೇಕು, ರೋಗಿ ಯಾಕೆ ಅಂದರೆ ಕೈ ನಿಲ್ಲಿಸಬೇಕು. ನೀನು ಓದಿದೆಯೋ, ಅದನ್ನೂ ಟ್ರೇಯ ಕೆಳಗೆ ಹಾಸಿಕೊಂಡೆಯೋ? ಮನೆಗೆ ಪಗಾರ ಬಾರದ ಬೇಸಿಗೆಯಲ್ಲೂ ನಾನು ಓದು ಬಿಡಲಿಲ್ಲ. ಆ ಒಂದು ಸಾಲು ಹೆಸರಿಗಾಗಿ ಮೂರು ಮಂದಿಯ ಮನೆ ಹೊಟ್ಟೆ ಕಟ್ಟಿತು. ಅದನ್ನು ನೀನು ಎದೆಗೆ ಹಚ್ಚಿಕೊಂಡು ಮೆರೆದು ಮಣ್ಣು ಮಾಡಿದೆ. ಬಿಚ್ಚಿಡು. ನನ್ನ ಹೆಸರು ಬಿಚ್ಚಿಡು.

ಡಾಕ್ಟರು ಫೋನ್ ಮಾಡಿದ್ದರು. "ನೋಡವಾ, ನೀ ಸಣ್ಣಾಕಿ, ನಿನ್ನ ಮುಂದ ಇನ್ನೂ ನೌಕರಿ ಐತಿ" ಎಂದು ಶುರು ಮಾಡಿ ಒಂದು ದಾರಿ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿನಗೂ ಹೇಳಿರಬಹುದು.

ತಸ್ಲೀಮಾ


ಇಳಕಲ್
೩ ಜೂನ್ ೨೦೨೪

ಬಿಚ್ಚಿಟ್ಟೆ.

ಡಾಕ್ಟರು ನನಗೂ ಹೇಳಿದರು. ನೀನು ಬರೆಯದೆ ಬಿಟ್ಟದ್ದನ್ನು ಓದಿಕೊಂಡೆ.

ಜೋಹರಾ


ಬಾದಾಮಿ
೧೮ ಜುಲೈ ೨೦೨೪

ಅಮ್ಮಾ,

ಬಾಗಲಕೋಟೆಯ ವಿಚಾರಣೆಯಿಂದ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿದೆವು. ನೀನು ಎದುರಿಗಿದ್ದಾಗ ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ವಿಚಾರಣೆಯ ಅಧಿಕಾರಿ ಮೇಡಮ್ ಹಾಳೆಯಿಂದ ತಲೆ ಎತ್ತಿ "ಇದರಾಗ ತಸ್ಲೀಮಾ ಯಾರ್ರಿ?" ಎಂದು ಕೇಳಿದಾಗ ನಾನು ಏಳಬೇಕಿತ್ತು. ಏಳಲಿಲ್ಲ. ಅರ್ಜು ಬೆರಳು ಮಾಡಿ ನಿನ್ನನ್ನು ತೋರಿಸಿದ: "ಇಕಿನ ರೀ. ಇಕಿನ ತಸ್ಲೀಮಾ. ನನ್ನ ಹೆಂತಿ ಬಾಯಿ ಮುಚ್ಚಿಸಿ ಸೂಜಿ ಚುಚ್ಚಿದಾಕಿ." ನೀನು ಎದ್ದೆ. ಬಿಳಿ ಕೋಟು ಇರಲಿಲ್ಲ, ಮನೆಯ ಸೀರೆ. ಚೀಲದಿಂದ ಬ್ಯಾಡ್ಜು ತೆಗೆದು ಮೇಜಿನ ಮೇಲೆ ಇಟ್ಟೆ.

"ನಾ ತಸ್ಲೀಮಾ ಅಲ್ರಿ. ಜೋಹರಾ. ಕಸಾ ಹೊಡ್ಯಾಕಿ. ತಸ್ಲೀಮಾ ನನ್ನ ಮಗಳು. ಆಕಿ ಹಾಳಿ ನಾನ ಕದ್ದೇನ್ರಿ, ಆಕಿ ಪೆಟಿಗಿಯಿಂದ. ಆಕೀಗಿ ಗೊತ್ತಿಲ್ರಿ."

ಡಾಕ್ಟರು ತೋರಿಸಿದ ದಾರಿ ಅದೇ. ನಾನು ಪತ್ರದಲ್ಲಿ ಬರೆಯದೆಯೇ ಬರೆದಿದ್ದೆ, ನೀನು ಓದದೆಯೇ ಓದಿದ್ದೆ. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ನಂಬಿ ಕೆಟ್ವಿ ಮೇಡಮ್, ಈ ಮಂದಿನ್ನ ಒಳಗ ಬಿಟ್ಕೋಬಾರದು" ಅಂದರು. ಈ ಮಂದಿ! ಮೋಸಂಬಿ ಕೈಗೆ ಕೊಟ್ಟು ಕಲಿಸಿದವರು, ಟ್ರೇ ಜೋಡಿಸಲು ಹೇಳಿಕೊಟ್ಟವರು, ಬ್ಯಾಡ್ಜು ಅಚ್ಚು ಹಾಕಿಸಿದವರು ಅವರು. ಕಳ್ಳಿ ನೀನಾದೆ.

ಅಧಿಕಾರಿ ನನ್ನ ಕಡೆ ತಿರುಗಿ ಕೇಳಿದರು: "ಏನಮ್ಮ, ನಿಮ್ಮ ತಾಯಿ ಹೇಳೂದು ಖರೆ ಏನು?"

ನಾನು ತಲೆ ತಗ್ಗಿಸಿದೆ. ಅದನ್ನೇ ಹೌದು ಎಂದು ಬರೆದುಕೊಂಡರು.

ಅಮ್ಮಾ, ನೀನು ಅಂದು ಕೈ ಮುಚ್ಚಿಕೊಂಡೆಯಲ್ಲ, ನಾನು ಈ ಸಲ ಮುಖ ಮುಚ್ಚಿಕೊಂಡೆ. ಬಸ್ ಕೆರೂರು ದಾಟುವ ತನಕ ಸಮಾಧಾನ ಹೇಳಿಕೊಂಡೆ: ಅಮ್ಮಾ ತಾನಾಗಿ ಹೇಳಿದಳು, ನಾನು ಸುಳ್ಳಾಡಲಿಲ್ಲ, ಬಾಯೇ ತೆರೆಯಲಿಲ್ಲ. ಹೀಗೆ ಬಾಯಿ ತೆರೆಯದೆ ಬದುಕುವುದನ್ನೇ ಅಲ್ಲವೇ ಗೋಡೆಯ ಮೇಲಿನ ಆ ಹಾಳೆ ಮಾಡುತ್ತಿದ್ದದ್ದು? ನಾನು ಆ ಹಾಳೆಯೇ ಆಗಿದ್ದೆ.

ಇನ್ನೊಂದನ್ನು ನೀನು ಕೇಳಲೇ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಏಪ್ರಿಲ್‌ನಲ್ಲಿ ನೀನು ಟ್ರೇಯ ವಿಷಯ ಬರೆದಿದ್ದೆ. ಚೀಟಿಯಿಲ್ಲದ ಸಿರಿಂಜು, ಕಾಟಿನ ಸಾಲು. ಓದಿದಾಗಲೇ ಇದು ಯಾರನ್ನೋ ಕೊಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ಕಲಿಯಲೆಂದೇ ಕಾಲೇಜಿಗೆ ಹೋದವಳು ನಾನು, ನೀನಲ್ಲ. ಒಂದು ಫೋನ್ ಸಾಕಿತ್ತು. ಮಾಡಿದರೆ ನಾನು ಹಾಳೆ ಕೊಟ್ಟದ್ದು ಮತ್ತೆ ಮಾತಿಗೆ ಬರುತ್ತಿತ್ತು. ಅದಕ್ಕೇ ನೀರು ಹೆಚ್ಚು ಕುಡಿ ಎಂದು ಬರೆದೆ. ಲೈಸೆನ್ಸ್ ಇಲ್ಲದವಳು ತಿಳಿಯದೆ ತಪ್ಪಿದಳು. ಲೈಸೆನ್ಸ್ ಇದ್ದವಳು ತಿಳಿದೂ ಸುಮ್ಮನಾದಳು.

ಕಳೆದ ವಾರ ಮತ್ತೆ ಬಾಗಲಕೋಟೆಗೆ ಹೋಗಿ ಬರೆದುಕೊಟ್ಟು ಬಂದೆ. ಹಾಳೆ ಕಳವಾಗಿಲ್ಲ, ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ ನಾನೇ ಕೈಯಾರೆ ಕೊಟ್ಟೆ. ಕೇಳಿದ್ದು ಡಾಕ್ಟರು. ಟ್ರೇಯ ಪದ್ಧತಿ ನನಗೆ ತಿಳಿದಿತ್ತು. ನಿನ್ನ ಏಪ್ರಿಲ್ ಪತ್ರವನ್ನೂ ಜೊತೆಗಿಟ್ಟೆ. ಕೌನ್ಸಿಲ್ಲಿಗೂ ಬರೆದಿದ್ದೇನೆ. ಉಪಕೇಂದ್ರದ ಕೆಲಸ ಹೋಯಿತು. ಪಟ್ಟಿಯಿಂದಲೂ ಹೆಸರು ಹೋಗಬಹುದು. ಈಗ ಕೋಣೆಯಲ್ಲಿ ಒಬ್ಬಳೇ ಇದ್ದೇನೆ, ಯಾರಿಗೂ ಮುಖ ತೋರಿಸುತ್ತಿಲ್ಲ.

ತಸ್ಲೀಮಾ


ಇಳಕಲ್
೩೦ ಆಗಸ್ಟ್ ೨೦೨೪

ತಸ್ಲೀಮಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. "ಹುಚ್ಚ ಖೋಡಿ, ಒಬ್ಬಾಕಿನರ ಉಳೀತಿದ್ದಿ" ಎಂದು ಗೋಡೆಗೆ ಬೈದೆ. ಅಬ್ಬಾ ಕತ್ತರಿ ಕೆಳಗಿಟ್ಟು, "ಉಳದು ಏನ್ ಮಾಡ್ತಿದ್ಲು, ನಿನ್ನಂಗ ಸೆರಗಿನ್ಯಾಗ ಕೈ ಮುಚ್ಕೊಂಡ ತಿರಗತಿದ್ಲು" ಅಂದರು. ಅವರಿಗೆ ಆ ಮಾತು ನಾನೇ ಎಂದೋ ಹೇಳಿದ್ದೆನಂತೆ.

ನನ್ನ ಮೇಲೆ ಕೇಸು ನಡೆದಿದೆ. ನಡೆಯಲಿ. ಡಾಕ್ಟರ ಮೇಲೂ ಆಗಿ ದವಾಖಾನೆಗೆ ಬೀಗ ಬಿತ್ತು. ಅವರು ವಕೀಲರನ್ನು ಹಿಡಿದು ತೆಗೆಸಿದರು, ಈ ವಾರ ಮತ್ತೆ ಶುರು. ಗೇಟಿನಿಂದ ಇಣುಕಿ ನೋಡಿದೆ. ಅದೇ ಮೊಳೆಗೆ ಹೊಸಾ ಹಾಳೆ. ಜಾಸ್ಮಿನ ಎಂದು ಹೆಸರು. ಟ್ರೇ ಹಿಡಿದು ಹೊರಗೆ ಬಂದ ಹುಡುಗಿಯ ಎದೆಯ ಮೇಲೂ ಜಾಸ್ಮಿನ. "ನೀ ಜಾಸ್ಮಿನ ಏನವಾ?" ಎಂದು ಕೇಳಿದೆ. ಹುಡುಗಿ ಕೆಳಗೆ ನೋಡಿದಳು. "ನಾನೂ ಒಂದ ದಿನ ತಸ್ಲೀಮಾ ಇದ್ನಿ" ಎಂದು ಶುರು ಮಾಡಿ ಎಲ್ಲಾ ಹೇಳಿದೆ, ಗೇಟಿನಲ್ಲಿ ನಿಂತ ರೋಗಿಗಳಿಗೂ ಕೇಳುವ ಹಾಗೆ. ವಾಚ್‌ಮನ್ ನನ್ನ ತೋಳು ಹಿಡಿದು ಹೊರಗೆ ದೂಡಿದ. ನಾಳೆಯೂ ಹೋಗುತ್ತೇನೆ. ಆಯಾಳಿಗೆ ಕಳೆದುಕೊಳ್ಳಲು ಲೈಸೆನ್ಸ್ ಇಲ್ಲವಲ್ಲ.

ಹನಮವ್ವ ಮನೆಗೆ ಬಂದಿದ್ದಾಳೆ. ಮೊದಲ ದಿನ ಅರ್ಜು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ. "ಯಾಕ ಬಂದಿ? ಬದಕ್ಯಾಳೋ ಸತ್ತಾಳೋ ನೋಡಾಕೇನು?" ಎರಡನೆಯ ದಿನ ಬೈದ. ಮೂರನೆಯ ದಿನ ಕುಣಿಮಗ್ಗಕ್ಕೆ ಇಳಿದು ಒಬ್ಬನೇ ಒದ್ದಾಡುತ್ತಿದ್ದ, ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವರಿಲ್ಲ. ಅದು ಹನಮವ್ವನ ಕೆಲಸವಾಗಿತ್ತು. ಅವಳ ಬಲಗೈ ಈಗ ನಡುಗುತ್ತದೆ, ಎಳೆ ಹಿಡಿಯುವುದಿಲ್ಲ. ನಾನು ಕೇಳದೆ ಕೂತು ರಾಟಿ ತಿರುಗಿಸಿದೆ. ಅವನು ನೋಡಿದ, ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಮಾಫಿ ಕೊಟ್ಟನೆಂದು ತಿಳಿಯಬೇಡ. ಕೊಟ್ಟಿಲ್ಲ. ನಾನು ಕೇಳಿಯೂ ಇಲ್ಲ. ದಿನಾ ಹೋಗುತ್ತೇನೆ, ಕಂಡಿಕೆ ಸುತ್ತುತ್ತೇನೆ, ಅವಳಿಗೆ ಉಣಿಸುತ್ತೇನೆ.

ಈಗ ಒಂದು ಮಾತು, ಅದಕ್ಕಾಗಿಯೇ ಈ ಕಾಗದ.

ಹನಮವ್ವನಿಗೆ ಹೊಸದು ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ. ಹಳೆಯದು ಅಲ್ಲೊಂದು ಇಲ್ಲೊಂದು ನಿಂತಿದೆ. ನಾನು ದಿನಾ ಹೇಳುತ್ತೇನೆ, "ನಾ ಜೋಹರಾ ಅವಾ." ಅವಳು ತಲೆಯಾಡಿಸುತ್ತಾಳೆ. ಗಂಗಾಳ ತೆಗೆದುಕೊಂಡು ಹತ್ತಿರ ಹೋದ ಕೂಡಲೇ ನಡುಗುವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ನಾಲಗೆ ತೊದಲುತ್ತ ಅನ್ನುತ್ತಾಳೆ: "ರಟ್ಟಿಗಿ ಬ್ಯಾಡ್ರಿ ತಸ್ಲೀಮಾ ಸಿಸ್ಟರ್. ರಟ್ಟಿಗಿ ಬ್ಯಾಡ್ರಿ."

ನಾನು ಬ್ಯಾಡ್ಜು ಬಿಚ್ಚಿಟ್ಟೆ. ಡಾಕ್ಟರು ಹಾಳೆ ಇಳಿಸಿದರು. ಕೌನ್ಸಿಲ್ಲಿನವರು ತಮ್ಮ ಪಟ್ಟಿಯಿಂದ ಅಳಿಸಿದರೂ ಅಳಿಸಬಹುದು. ಅವಳ ಬಾಯಲ್ಲಿ ಮಾತ್ರ ನಿನ್ನ ಹೆಸರು ಹಾಗೇ ಇದೆ. ಅದನ್ನು ಅಳಿಸಲು ನನ್ನಿಂದ ಆಗುವುದಿಲ್ಲ.

ಬಾದಾಮಿಯ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕೂತು ಯಾರಿಗೆ ನಾಚಿಕೆ ಪಡುತ್ತಿರುವೆ? ಬಾ. ಬಂದು ಅವಳ ಮುಂದೆ ಕೂತುಕೋ. ಅವಳ ಮುಖ ನೋಡು. ಅವಳ ಹೆಸರೇನೆಂದು ಅವಳನ್ನೇ ಕೇಳು. ಆಮೇಲೆ ನಿನ್ನ ಹೆಸರು ಹೇಳು. ಅವಳು ಕೈ ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ನೀನು ಏಳಬೇಡ.

ಕಂಡಿಕೆ ಸುತ್ತಲು ಇನ್ನೊಂದು ರಾಟಿ ಇದೆ. ಅರ್ಜುವನ್ನು ಕೇಳಿಟ್ಟಿದ್ದೇನೆ.

ನಿನ್ನ ಅಮ್ಮಾ
ಜೋಹರಾ, ಆಯಾ